‘ಆಸ್ಪೆಕ್ಟ್’ಗೆ ‘ವಾಲುದಿಕ್ಕು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಭೂಗೋಳ ಓದುವ ಡಿಗ್ರಿ ಮಕ್ಕಳಿಗಾಗಿ ಜಿಐಎಸ್ (ನಕ್ಷೆಗಳನ್ನೂ ಜಾಗದ ಮಾಹಿತಿಯನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ನೋಡುವ ವ್ಯವಸ್ಥೆ) ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಹವಾಯಿಯ ದೊಡ್ಡ ದ್ವೀಪದಲ್ಲಿ ದ್ರಾಕ್ಷಿ ತೋಟಕ್ಕೆ ಜಾಗ ಹುಡುಕುವುದು ಹೇಗೆ ಅನ್ನುವುದು ಅದರಲ್ಲಿ ಬರುವ ಉದಾಹರಣೆ. ಮಳೆ, ಎತ್ತರ, ಮಣ್ಣು, ಇಳಿಜಾರು, ಒಂದೊಂದಕ್ಕೂ ಒಂದು ನಕ್ಷೆ. ಅವನ್ನು ಒಂದರ ಮೇಲೊಂದು ಹಾಸಿ, ಎಲ್ಲದಕ್ಕೂ ಒಗ್ಗುವ ಜಾಗ ಯಾವುದು ಎಂದು ನೋಡುವುದು. ಬರವಣಿಗೆ ಸಲೀಸಾಗಿ ಸಾಗುತ್ತಿತ್ತು. ‘ಆಸ್ಪೆಕ್ಟ್’ ಬಂದಾಗ ನಿಂತುಬಿಟ್ಟೆ.

ಇಳಿಜಾರು ಎಷ್ಟು ಕಡಿದಾಗಿದೆ ಅನ್ನುವುದು ಬೇರೆ, ಯಾವ ದಿಕ್ಕಿಗೆ ಇಳಿಯುತ್ತದೆ ಅನ್ನುವುದು ಬೇರೆ. ಈ ಎರಡನೆಯದೇ ಆಸ್ಪೆಕ್ಟ್. ಉತ್ತರವನ್ನು 0 ಎಂದಿಟ್ಟುಕೊಂಡು, ಗಡಿಯಾರದ ಮುಳ್ಳು ಸುತ್ತುವ ಹಾಗೆ 360 ಡಿಗ್ರಿವರೆಗೆ ಲೆಕ್ಕ. 90 ಅಂದರೆ ಪೂರ್ವ, 180 ಅಂದರೆ ದಕ್ಷಿಣ.

ಮೊದಲು ನಿಘಂಟು ನೋಡಿ ‘ಇಳಿಜಾರಿನ ಅಂಶ’ ಎಂದು ಬರೆದೆ. ಅದು ಪೂರ್ತಿ ತಪ್ಪು. ಆಮೇಲೆ ‘ಇಳಿಜಾರಿನ ಮುಖ’ ಎಂದು ತಿದ್ದಿದೆ. ಕರಡು ಓದಿದ ಹುಡುಗಿಯೊಬ್ಬಳು, “ಮುಖ ಅಂದ್ರೆ ಗುಡ್ಡದ ಮುಂಭಾಗಾನಾ ಸಾರ್?” ಎಂದು ಕೇಳಿದಳು. ಅವಳಿಗೆ ಹಾಗೆ ಅನ್ನಿಸಿದ್ದು ಸಹಜವೇ, ಅಲ್ವಾ? ‘ಅಭಿಮುಖತೆ’ ಅಂತಲೂ ಯೋಚಿಸಿದೆ. ಅರ್ಥವೇನೋ ಸರಿ, ಆದರೆ ಪಾಠ ಮಾಡುವವರ ನಾಲಿಗೆಗೇ ತೊಡಕು.

ಸುಮ್ನೆ ಇಂಗ್ಲಿಷ್ ಪದವನ್ನೇ ಇಟ್ಟುಕೊಂಡು ಮುಂದೆ ಹೋಗಬಹುದಿತ್ತು. ಆದರೆ ಆ ದ್ವೀಪದ ಕತೆಯೆಲ್ಲ ದಿಕ್ಕಿನ ಮೇಲೇ ನಿಂತಿದೆ. ವರ್ಷದ ಹೆಚ್ಚು ದಿನ ಈಶಾನ್ಯದಿಂದ ವಾಣಿಜ್ಯ ಮಾರುತ ಬೀಸುತ್ತದೆ. 4,207 ಮೀಟರ್ ಎತ್ತರದ ಮೌನಾ ಕೆಯಾ ಪರ್ವತ ಅದಕ್ಕೆ ಅಡ್ಡ ನಿಂತಿದೆ. ಗಾಳಿಗೆ ಎದುರಾಗಿರುವ ಹಿಲೋ ಊರಿನಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ. ಗಾಳಿಮರೆಯಲ್ಲಿರುವ ಕವಾಯ್ಹಾಯೆಯಲ್ಲಿ 300 ಮಿ.ಮೀ. ಕೂಡ ಇಲ್ಲ. ನೇರ ಅಳೆದರೆ ಎರಡೂ ಊರಿನ ನಡುವೆ ನೂರು ಕಿಲೋಮೀಟರೂ ಇಲ್ಲ! ಮಳೆ ಜಾಸ್ತಿಯಾದ ಕಡೆ ಬಳ್ಳಿಗೆ ಬೂಜು ತುಪ್ಪಟ ರೋಗದ ಕಾಟ. ಒಣ ಕಡೆ ಕಡಲ ಮಟ್ಟದಲ್ಲೇ ನೆಟ್ಟರೆ ಸೆಕೆ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ತಂಪು ಸಿಗುತ್ತದೆ. ಹಾಗಾಗಿ ಯಾವ ಎತ್ತರ ಅನ್ನುವುದರ ಜೊತೆಗೆ ಯಾವ ಕಡೆಗೆ ಇಳಿದ ನೆಲ ಅನ್ನುವುದನ್ನೂ ಸಾಲು ಸಾಲಿಗೂ ಹೇಳಬೇಕಾಗುತ್ತದೆ. ‘ಮಳೆನೆರಳು’ ನಮ್ಮ ಶಾಲೆ ಪುಸ್ತಕಗಳಲ್ಲಿ ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಇದಕ್ಕೂ ಅಂಥದ್ದೇ ಒಂದು ಪದ ಬೇಕು ಅನ್ನುವುದು ನನ್ನ ಆಸೆ.

ಹೋದ ತಿಂಗಳು ದೊಡ್ಡಬಳ್ಳಾಪುರದ ಕಡೆ ಒಬ್ಬ ರೈತರ ತೋಟಕ್ಕೆ ಹೋಗಿದ್ದೆ. ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರ. ಬೆಳಗ್ಗೆ ಏಳೂವರೆ ಇರಬೇಕು, ಎಲೆಗಳ ಅಂಚಿನಲ್ಲಿ ಇನ್ನೂ ಹನಿ ನಿಂತಿತ್ತು. ಜಮೀನು ಯಾವ ಕಡೆಗೆ ಇಳಿಜಾರು ಎಂದು ಕೇಳಿದೆ. ಅವರು ಅಂಗೈಯನ್ನು ಮಟ್ಟಸವಾಗಿ ಚಾಚಿ, ಬೆರಳ ತುದಿಯನ್ನು ಸೂರ್ಯನ ಕಡೆ ಸ್ವಲ್ಪ ತಗ್ಗಿಸಿದರು. “ನಮ್ದು ಮೂಡ್ಲ ಕಡೆಗೆ ವಾಲೈತೆ. ಬಿಸಿಲು ಬೇಗ ಬೀಳ್ತೈತೆ, ಇಬ್ಬನಿ ಬೇಗ ಆರ್ತೈತೆ. ಪಕ್ಕದೋರ್ದು ಪಡುವಲಕ್ಕೆ ವಾಲೈತೆ, ಅವರಿಗೆ ರೋಗ ಜಾಸ್ತಿ” ಅಂದರು.

ನಾನು ಪುಸ್ತಕದಲ್ಲಿ ಹುಡುಕುತ್ತಿದ್ದದ್ದು ಅವರ ಒಂದೇ ಮಾತಿನಲ್ಲಿತ್ತು. ಅಲ್ಲಿಂದಲೇ ‘ವಾಲುದಿಕ್ಕು’ ಹೊಳೆಯಿತು. ‘ಈ ಜಾಗದ ಇಳಿಜಾರು 8 ಡಿಗ್ರಿ, ವಾಲುದಿಕ್ಕು ನೈಋತ್ಯ’ ಎಂದು ಬರೆದು ನೋಡಿದೆ. ಮಕ್ಕಳಿಗೆ ವಿವರಣೆಯೇ ಬೇಕಾಗಲಿಲ್ಲ.

ಈಗ ನನ್ನ ಅನುಮಾನ. ‘ಗೋಡೆ ವಾಲಿದೆ’ ಅಂದರೆ ಬೀಳುವ ಹಾಗಿದೆ ಅನ್ನುವ ಅರ್ಥ ಬರುತ್ತದೆ. ನೆಲದ ಮಾತಿನಲ್ಲೂ ಆ ಛಾಯೆ ನಿಮ್ಮ ಕಿವಿಗೆ ತಾಕುತ್ತದೆಯೇ? ನನಗೆ ತಾಕುವುದಿಲ್ಲ, ಆದರೆ ನಾನು ಈ ಕಡೆಯವನೇ. ವಿಜಯಪುರ, ಬಾಗಲಕೋಟೆ ಕಡೆ ದ್ರಾಕ್ಷಿ ಬೆಳೆಯುವವರು ಇದಕ್ಕೆ ಏನನ್ನುತ್ತಾರೆ? ಮಲೆನಾಡಿನ ತೋಟದವರು, ಕೊಡಗಿನ ಕಾಫಿಯವರು? ಗುಡ್ಡದ ನಡುವೆಯೇ ಬೆಳೆಯುವವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತು ಇದ್ದೇ ಇರುತ್ತದೆ. ಮನೆಯ ಹಿರಿಯರನ್ನು ಒಮ್ಮೆ ಕೇಳಿ, ಅವರು ಹೇಳಿದ ವಾಕ್ಯವನ್ನು ಹಾಗೇ ಬರೆದು ಕಳಿಸಿ. ಪಾಠ ಇನ್ನೂ ಅಚ್ಚಿಗೆ ಹೋಗಿಲ್ಲ, ಬದಲಿಸಲು ಸಮಯ ಇದೆ.