ಫ್ರಿಜ್ ಸೆನ್ಸರ್ ಮೀಟರ್‌ನ್ಯಾಗ ಬರೇ 1 ತೋರಸ್ತೈತಿ, ಹೋಗೈತೇನ್ರಿ?

ಗುಮ್ಮಟದ_ಓಣಿ:
ನಮಸ್ಕಾರ ರೀ. ವಿಜಯಪುರದ ಬಿಸಿಲು ನಿಮಗ ಗೊತ್ತಲ್ಲ, ಇಂಥಾದ್ರಾಗ ನಮ್ಮ ಡಬಲ್ ಡೋರ್ ಫ್ರಿಜ್‌ನ್ಯಾಗ ಕೆಳಗಿಟ್ಟ ಮಸರು ಕಲ್ಲಾಗಾಕತ್ತೈತಿ, ಕೊತ್ತಂಬರಿ ಮುಟ್ಟಿದ್ರ ಪುಡಿಪುಡಿ, ಕಂಪ್ರೆಸರ್ ನಿಂದ್ರೂದ ಇಲ್ಲ. ಮೆಕ್ಯಾನಿಕ್ ಬಂದವ ಮುಚ್ಚಳಾ ಸೈತ ಬಿಚ್ಚಲಾರದ ಫ್ರಿಜ್ ನಡಸೂ ಬೋರ್ಡ್ ಹೋಗೈತಿ 4500 ಆಕೈತಿ ಅಂದ. ನಾನ ತಂಪು ಅಳಿಯೂ ಸೆನ್ಸರ್ ಬಿಚ್ಚಿ ಮಲ್ಟಿಮೀಟರ್ 20ಕೆ (20 ಸಾವಿರ ಓಮ್ಸ್) ಮ್ಯಾಲೆ ಇಟ್ಟು ನೋಡಿದೆ. ಫ್ರಿಜ್ ಒಳಗಿದ್ದಾಗ ಬರೇ 1, ಹೊರಗ ಅಡಗಿ ಮನ್ಯಾಗ ತಾಸೊತ್ತು ಬಿಟ್ಟ ಮ್ಯಾಲೆ 5.5. ಸೆನ್ಸರಿನ ಮಾಹಿತಿ ಶೀಟ್‌ನ್ಯಾಗ 10ಕೆ ಅಂತ ಐತಿ. ಸೆನ್ಸರ್ ಹೋತು ಅಂತ ತಿಳ್ಕೊಳ್ಳೇನು?

ಬೆಸುಗಿ_ಮಾಮಾ:
ತಡೀರಿ, ಇನ್ನಾ ಒಗೀಬ್ಯಾಡ್ರಿ. ಅದು ಎನ್‌ಟಿಸಿ ಅನ್ನೂ ಜಾತಿ ಸೆನ್ಸರ್ ಐತಿ, ತಂಪಾದಂಗ ಓಮ್ಸ್ (ರೆಸಿಸ್ಟೆನ್ಸ್) ಏರ್ತೈತಿ, ಕಾದಂಗ ಇಳೀತೈತಿ. 10ಕೆ ಅನ್ನೂದು 25 ಡಿಗ್ರಿಗೆ, ನಿಮ್ಮ ಅಡಗಿ ಮನಿ 25 ಡಿಗ್ರಿ ಯಾವಾಗ ಇತ್ತು ಹೇಳ್ರಿ 😄 38-39 ಇದ್ರ ಐದೂವರಿ ಸುತ್ತಮುತ್ತನ ಬರೂದು. ಫ್ರಿಜ್ ಒಳಗ 4 ಡಿಗ್ರಿಗೆ 27ಕೆ ಆಸುಪಾಸು ಆಕೈತಿ, 20ರ ರೇಂಜಿಗೆ ಅದು ಹಿಡಿಸಂಗಿಲ್ಲ, ಅದಕ್ಕ 1. ವೈರ್ ಕಟ್ ಆದ್ರೂ ಅದ 1 ತೋರಸ್ತೈತಿ, ಎಲ್ಲಾರೂ ಮೋಸ ಹೋಗೂದು ಇಲ್ಲೇ. 200ಕೆಗೆ ತಿರುವ್ರಿ. ಐಸ್ ಕುಟ್ಟಿ ಗ್ಲಾಸ್ ತುಂಬ ಹಾಕಿ ಸ್ವಲ್ಪ ನೀರು ಬಿಡ್ರಿ, ಸೆನ್ಸರ್‌ಗೆ ತೆಳು ಪ್ಲಾಸ್ಟಿಕ್ ಸುತ್ತಿ ಮುಳುಗಿಸಿ 10 ನಿಮಿಷ ಬಿಡ್ರಿ. 32-33 ಬಂದು ಗಟ್ಟಿ ನಿಂತ್ರ ಸೆನ್ಸರ್ ಚಲೋ ಐತಿ. ಪಿನ್ನು ಎರಡೂ ಕೈಯಿಂದ ಒತ್ತಿ ಹಿಡೀಬ್ಯಾಡ್ರಿ, ನಿಮ್ಮ ಮೈದೂ ಸೇರಿಸಿ ಅಳೀತೈತಿ.

ಕೃಷ್ಣಾ_ದಂಡಿ:
ಪ್ಲಗ್ ಕಿತ್ತು, ಕನೆಕ್ಟರ್ ಬೋರ್ಡಿನಿಂದ ಬಿಚ್ಚೇ ನೋಡ್ರಿ ಅಣ್ಣಾರ, ಬೋರ್ಡಿಗೆ ಜೋಡಿಸಿದ್ದಂಗ ಅಳದ್ರ ರೀಡಿಂಗ್ ತಪ್ಪು ಬರ್ತೈತಿ. ನಮ್ಮದು ಹಳೇ ಸಿಂಗಲ್ ಡೋರ್, ನಾಬ್ ತಿರುವೂದು, ಅದರಾಗ ಈ ಸೆನ್ಸರ್ ಇಲ್ಲ, ಗ್ಯಾಸ್ ನಳಿಗಿ ಥರ್ಮೋಸ್ಟಾಟ್ ಇರ್ತೈತಿ.

ಗುಮ್ಮಟದ_ಓಣಿ:
ಮಾಮಾರ, ಐಸ್‌ನ್ಯಾಗ 24 ಬಂತು. ನೋಡ್ತಿರೂಣಾ 23.6, 23.1 ಅಂತ ಇಳ್ಯಾಕತ್ತೈತಿ, ನಿಂದ್ರವಲ್ದು.

ಬೆಸುಗಿ_ಮಾಮಾ:
ಸಿಕ್ತು ನೋಡ್ರಿ ಕಳ್ಳ. ಒಳಗ ಪಸಿ ಹೊಕ್ಕು ಲೀಕ್ ಆಗೈತಿ, 24ಕೆ ಅಂದ್ರ ಬೋರ್ಡಿಗೆ ಇನ್ನಾ 6 ಡಿಗ್ರಿ ಐತಿ ಅಂತ ಅನಸ್ತೈತಿ, ಖರೇವಂದ್ರ ಅಲ್ಲಿ ಸೊನ್ನಿ. ಪಾಪ ಅದು ಓಡಸ್ತನ ಇರ್ತೈತಿ. ಬಿಸಿಯೊಳಗ ಅಳದಾಗ ಈ ಲೀಕ್ ಗೊತ್ತ ಆಗಂಗಿಲ್ಲ. ಅದ 10ಕೆ ಸೆನ್ಸರ್ ತರ್ರಿ, 5ಕೆ ಸೈತ ಸಿಗ್ತಾವು, ಅವನ್ನ ಹಾಕಬ್ಯಾಡ್ರಿ. ಜಾಯಿಂಟಿಗೆ ಸ್ಲೀವ್ (ಕಾಸಿದ್ರ ಬಿಗಿ ಆಗೂ ನಳಿಗಿ) ಏರಸ್ರಿ, ಬರೇ ಟೇಪ್ ಸುತ್ತಿದ್ರ ಮತ್ತ ನೀರು ಹೊಗ್ತೈತಿ.

ಗುಮ್ಮಟದ_ಓಣಿ:
ಹಾಕಿದೆ ರೀ. ಹೊಸಾದು ಐಸ್‌ನ್ಯಾಗ 32.6 ಬಂದು ನಿಂತಿತ್ತು. ರಾತ್ರಿ ಕಂಪ್ರೆಸರ್ ಬಂದ್ ಆತು, ನಮ್ಮವ್ವ ಎದ್ದು ಬಂದು ಕರೆಂಟ್ ಹೋತೇನೋ ಅಂದ್ಲು.