"ಔಷಧ ನಿರೋಧಕ ಪ್ರೋಟೀನ್" ಸರೀನಾ, ಇಲ್ಲಾ "ಏತ" ಅನ್ಬೋದಾ?

ಎಲ್ರಿಗೂ ನಮಸ್ಕಾರ, ಮಂಡ್ಯದಿಂದ ಒಂದು ಡೌಟು. ನಮ್ಮ ಚಿಕ್ಕಮ್ಮಂಗೆ ಮೈಸೂರಲ್ಲಿ ಕೀಮೋ ನಡೀತಿದೆ, ಮೂರು ವಾರಕ್ಕೊಂದ್ಸಲ, ರೋಸ್ ಶರಬತ್ತಿನ ಬಣ್ಣದ ಡಾಕ್ಸೊರುಬಿಸಿನ್. ಅದು ಹಾಕಿದ್ಮೇಲೆ ಒಂದಕ್ಕೆ ಹೋದ್ರೂ ಕೆಂಪು, ಮೊದಲ್ನೇ ಸಲ ರಕ್ತ ಅಂದ್ಕೊಂಡು ನಡುರಾತ್ರಿ ನನ್ನ ಎಬ್ಬಿಸಿದ್ರು. ಮೊನ್ನೆ ಕೇಳಿದ್ರು, "ಬಿಳಿ ಕಣ ಎಲ್ಲ ಸತ್ತೋಯ್ತವೆ ಅಂತಾರಲ್ಲ, ಮತ್ತೆ ಅದೆಂಗ್ಲಾ ವಾಪಸ್ ಬತ್ತವೆ?"

ವಿಷಯ ಗೊತ್ತು, ಪದ ಸಿಗ್ಲಿಲ್ಲ. ರಕ್ತ ಹುಟ್ಟಿಸೋ ಕಾಂಡಕೋಶಗಳು (ಸ್ಟೆಮ್ ಸೆಲ್) ಮೂಳೆಮಜ್ಜೆಲಿ ಹೆಚ್ಚಿನ ಹೊತ್ತು ಸುಮ್ನೆ ಮಲಗಿರ್ತವೆ, ಕೀಮೋ ಏಟು ಜಾಸ್ತಿ ಬೀಳೋದು ಬೇಗ ಬೇಗ ಒಡೆಯೋ ಕೋಶಗಳಿಗೆ, ಅದೊಂದು. ಇನ್ನೊಂದು, ಈ ಕಾಂಡಕೋಶಗಳ ಪೊರೆಲಿ ಪಿ-ಗ್ಲೈಕೊಪ್ರೋಟೀನ್ ಅಂತ ಇದೆ, ಒಳಗೆ ಬಂದ ಮದ್ದನ್ನ ಎಟಿಪಿ, ಅಂದ್ರೆ ಕೋಶದ ಇಂಧನ, ಖರ್ಚು ಮಾಡಿ ಆಚೆಗೆ ಹಾಕುತ್ತೆ. ಇದೇ ಪ್ರೋಟೀನು ಕ್ಯಾನ್ಸರ್ ಕೋಶದಲ್ಲಿ ಹೆಚ್ಚಾದ್ರೆ ಮದ್ದು ನಾಟಲ್ಲ.

ಇಂಗ್ಲಿಷಿನ ಡ್ರಗ್ ರೆಸಿಸ್ಟೆನ್ಸ್ ನೋಡ್ಕೊಂಡು ಇದಕ್ಕೆ "ಔಷಧ ನಿರೋಧಕ" ಅಂದ್ರೆ ನಂಗ್ಯಾಕೋ ಸರಿ ಬರಲ್ಲ. ರೋಗನಿರೋಧಕ ಶಕ್ತಿ ಅಂದ್ಕೊಂಡೇ ಓದ್ಬಿಡ್ತಾರೆ, ಇನ್ನು ಬರೀ ನಿರೋಧ್ ಅಂದ್ರೆ ಹಳ್ಳಿ ಕಡೆ ಏನು ನೆನಪಾಗುತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಿಲ್ಲ. "ಪ್ರತಿರೋಧ" ಅಂದ್ರೆ ಡಿಸಿ ಆಫೀಸ್ ಮುಂದೆ ಧರಣಿ ಕೂತಂಗಿದೆ. ತಮಾಷೆ ಅಂದ್ರೆ ಮೂಲ ಹೆಸರೇ ಎಡವಿದೆ, 1976ರಲ್ಲಿ ಜೂಲಿಯಾನೊ, ಲಿಂಗ್ ಅನ್ನೋ ವಿಜ್ಞಾನಿಗಳಿಬ್ರೂ ಹ್ಯಾಮ್‌ಸ್ಟರ್ ಕೋಶದಲ್ಲಿ ಇದನ್ನ ಕಂಡಾಗ ಪೊರೆ ಮದ್ದನ್ನ ಒಳಗೇ ಬಿಟ್ಕೊಳಲ್ಲ ಅನ್ನೋ ಅರ್ಥದಲ್ಲಿ ಪರ್ಮಿಯಬಿಲಿಟಿಯ "ಪಿ" ಸೇರಿಸಿದ್ರು, ಒಳಗೆ ಬಂದದ್ದನ್ನ ಆಚೆ ಹಾಕೋ ಪಂಪು ಅಂತ ಗೊತ್ತಾಗಿದ್ದು ಆಮೇಲೆ.

ಕೊನೆಗೆ ಚಿಕ್ಕಮ್ಮಂಗೆ "ಯಾತ (ಏತ) ಇದ್ದಂಗೆ" ಅಂದೆ. "ಓ, ಬಾವಿಯಿಂದ ನೀರೆತ್ತಿ ಸುರೀತಿದ್ರಲ್ಲ ಹಂಗಾ" ಅಂದ್ಬಿಟ್ರು. ಏತಕ್ಕೂ ಆಳಿನ ಶಕ್ತಿ ಬೇಕು, ಇದಕ್ಕೂ ಎಟಿಪಿ ಬೇಕು, ಒಳ್ಳೇದು ಕೆಟ್ಟದ್ದು ಅನ್ನೋ ವಾಸನೆನೂ ಪದದಲ್ಲಿಲ್ಲ, ಕಾಂಡಕೋಶದಲ್ಲಿದ್ರೂ ಏತ, ಗಡ್ಡೆಲಿದ್ರೂ ಏತ. "ಮದ್ದೇತ" ಅನ್ಬೋದಾ?

ತೊಡಕು ಒಂದಿದೆ. ಕೋಶ ಮದ್ದಿಗೆ ಜಗ್ಗದೇ ಇರೋಕೆ ಪಂಪೊಂದೇ ಕಾರಣ ಅಲ್ಲ, ಮದ್ದು ಕೂರೋ ಜಾಗನೇ ಬದಲಾಗಿರ್ಬೋದು, ಅಲ್ಲಿ ಏತ ನಡಿಯಲ್ಲ. ಪ್ರೋಟೀನಿಗೆ ಸಸಾರಜನಕ ಅನ್ನಿ ಅಂತ ಯಾರೂ ಹೇಳ್ಬೇಡಿ, ಅದು ಬೇರೆ ಜಗಳ. ಒಟ್ಟಾರೆ ರೆಸಿಸ್ಟೆನ್ಸ್‌ಗೆ ನಿಮ್ ಕಡೆ "ನಾಟಲ್ಲ", "ಹಿಡಿಯಲ್ಲ", "ಜಗ್ಗಲ್ಲ" ಇದ್ರಲ್ಲಿ ಯಾವ್ದು ಓಡುತ್ತೆ, ಅದ್ರಿಂದ ಒಂದು ನಾಮಪದ ಮಾಡೋಕಾಗುತ್ತಾ?