ಚೆಸ್ಕಿ ಕ್ರುಮ್ಲೋವ್: ಬೆಳಗ್ಗೆ ಹೋಗಿ ರಾತ್ರಿ ಮರಳಿದರೆ ಸಾಕೇ?

ಪ್ರಶ್ನೆ (ಪಿಂಪಳೆ ಸೌದಾಗರ್, ಪುಣೆ)

ಚಾಕಣದ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ಈಗ ಮೂರು ತಿಂಗಳ ಮಟ್ಟಿಗೆ ಜೆಕ್ ದೇಶದ ಮ್ಲಾದಾ ಬೊಲೆಸ್ಲಾವ್‌ನಲ್ಲಿದ್ದಾರೆ. ಮೇ ಕೊನೆಯ ವಾರದಲ್ಲಿ ನಾನೂ ಅತ್ತೆಯವರೂ ಹತ್ತು ದಿನಗಳಿಗೆಂದು ಅಲ್ಲಿಗೆ ಹೊರಟಿದ್ದೇವೆ. ಪ್ರಾಗ್ ನಗರಕ್ಕೆ ನಾಲ್ಕು ದಿನ ಎತ್ತಿಟ್ಟಿದ್ದು, ಅದರಲ್ಲಿ ಒಂದು ದಿನ ಚೆಸ್ಕಿ ಕ್ರುಮ್ಲೋವ್ ಎಂಬ ನದಿತೀರದ ಊರಿಗೆ ಬೆಳಗ್ಗೆ ಹೋಗಿ ರಾತ್ರಿ ಮರಳುವ ಬಸ್ ಪ್ರವಾಸವನ್ನು ಏಜೆಂಟರು ಸೂಚಿಸಿದ್ದಾರೆ. ಅವರ ಕರಪತ್ರದಲ್ಲಿ 'ರಾಜಕುಮಾರಿಯ ಕಥೆಯಂಥ ಊರು' ಎಂಬ ಒಂದು ಸಾಲನ್ನು ಬಿಟ್ಟರೆ ಹೇಳಿಕೊಳ್ಳುವಂಥ ಮಾಹಿತಿಯೇನೂ ಇಲ್ಲ.

ನನ್ನ ತೊಂದರೆ ಬೇರೆ. ಅತ್ತೆಯವರು ಧಾರವಾಡದಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವರು. ಯಾರು ಕಟ್ಟಿಸಿದರು, ಇಲ್ಲಿಯೇ ಏಕೆ ಕಟ್ಟಿಸಿದರು, ಈಗ ಅಲ್ಲಿ ಯಾರಿದ್ದಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದ ಹೊರತು ಯಾವ ಕೋಟೆಯ ಮೆಟ್ಟಿಲನ್ನೂ ಅವರು ಹತ್ತುವುದಿಲ್ಲ. ಜೊತೆಗೆ ಅವರಿಗೆ ಮೊಣಕಾಲು ನೋವಿದೆ, ಊಟ ಶುದ್ಧ ಸಸ್ಯಾಹಾರ. ಹೋಗಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ (ಡೊಂಬಿವಲಿ)

ನಿಮ್ಮ ಅತ್ತೆಯವರ ಎರಡನೆಯ ಪ್ರಶ್ನೆಯಿಂದ ತೊಡಗುತ್ತೇನೆ, ಏಕೆಂದರೆ ಆ ಊರಿಗೆ ಕಾರಣವೇ ನದಿ. ಶುಮಾವಾ ಬೆಟ್ಟಗಳಲ್ಲಿ ಹುಟ್ಟುವ ವ್ಲತಾವಾ ಪ್ರಾಗಿನ ಕಡೆಗೆ ಹರಿಯುವಾಗ ಇಲ್ಲಿ ಹಾವು ಮೈ ಮುರಿದಂತೆ ಎರಡು ಸಲ ಹೊರಳುತ್ತದೆ. ಒಂದು ತಿರುವಿನ ಒಳಗೆ, ಮೂರು ದಿಕ್ಕಿನಲ್ಲೂ ನೀರು ಸುತ್ತುವರಿದ ನಡುಗಡ್ಡೆಯಂಥ ಜಾಗದಲ್ಲಿ ಹಳೆಯ ಪೇಟೆ ಇದೆ. ಎದುರು ದಡದ ಕಡಿದಾದ ಬಂಡೆಯ ಮೇಲೆ ಕೋಟೆ ಇದೆ. ಕ್ರುಮ್ಲೋವ್ ಎಂಬುದು 'ಡೊಂಕು ಹುಲ್ಲುಗಾವಲು' ಎಂಬರ್ಥದ ಹಳೆಯ ಜರ್ಮನ್ ಮಾತಿನಿಂದ ಬಂದ ಹೆಸರು. ನದಿಯೇ ಅಗಳಾಗಿರುವಾಗ ಬೇರೆ ಅಗಳು ತೋಡುವ ಶ್ರಮವೇಕೆ ಎಂದು ಕಟ್ಟಿದವರು ಯೋಚಿಸಿರಬೇಕು.

ಕೋಟೆಯ ಉಲ್ಲೇಖ ಮೊದಲು ಸಿಗುವುದು 1253ರಲ್ಲಿ. ಆಗ ಅದು ವೀಟೆಕ್ ವಂಶದ, ಹಸಿರು ಗುಲಾಬಿಯ ಲಾಂಛನದ ಶಾಖೆಯ ಕೈಯಲ್ಲಿತ್ತು. 1302ರಲ್ಲಿ ಆ ಶಾಖೆ ನಿಂತುಹೋಗಿ, ಅದೇ ವಂಶದ ರೋಝೆನ್‌ಬರ್ಗ್ ದಾಯಾದಿಗಳಿಗೆ ಕೋಟೆ ಸೇರಿತು. ಅವರ ಗುರುತು ಐದು ಎಸಳಿನ ಕೆಂಪು ಗುಲಾಬಿ. ಊರಿನಲ್ಲಿ ಬಾಗಿಲ ನೆತ್ತಿಯ ಮೇಲೆ, ಗೋಡೆಯ ಮೇಲೆ ಅದನ್ನು ಹುಡುಕುತ್ತ ಹೋಗುವುದೇ ಒಂದು ಆಟ. ಮುನ್ನೂರು ವರ್ಷ ಆಳಿದ ಆ ಮನೆತನದ ಕೊನೆಯ ಕುಡಿ ಪೆತ್ರ್ ವೋಕ್, ಸಾಲದ ಹೊರೆ ತಾಳಲಾರದೆ 1602ರಲ್ಲಿ ಊರನ್ನು ಚಕ್ರವರ್ತಿ ಎರಡನೆಯ ರುಡಾಲ್ಫನಿಗೆ ಮಾರಿದನು. 1622ರಿಂದ ಎಗ್ಗೆನ್‌ಬರ್ಗರು, 1719ರಿಂದ ಶ್ವಾರ್ಜೆನ್‌ಬರ್ಗರು ಒಡೆಯರಾದರು.

ಕೋಟೆಯ ಅಂಗಳಗಳಲ್ಲಿ ಓಡಾಡಲು ಟಿಕೆಟ್ ಬೇಕಿಲ್ಲ. ಒಳ ಅಂಗಳದ ಗೋಡೆಗಳಲ್ಲಿ ಕಂಬ, ಗೂಡು, ಗೂಡಿನೊಳಗೆ ಮೂರ್ತಿ, ದಪ್ಪ ಕೆತ್ತಿದ ಕಲ್ಲು ಎಲ್ಲ ಕಾಣುತ್ತವೆ. ನಾನು ಒಂದು ಕಲ್ಲಿನ ಅಂಚಿಗೆ ಬೆರಳಿಟ್ಟು ನೋಡಿದೆ, ಅಂಚೇ ಇರಲಿಲ್ಲ. ಅಂಗೈಯಷ್ಟು ಸಪಾಟಾದ ಗಾರೆಯ ಮೇಲೆ ಬಣ್ಣದಿಂದ ನೆರಳು ಬಳಿದಿದ್ದರು, ಅಷ್ಟೇ. ಈ ಕಣ್ಕಟ್ಟು ಇನ್ನೂ ಹೆಚ್ಚಾಗಿರುವುದು ಮುಖವಾಡದ ನೃತ್ಯಕ್ಕೆಂದು ಸಿದ್ಧಪಡಿಸಿದ ಸಭಾಂಗಣದಲ್ಲಿ. 1748ರಲ್ಲಿ ಯೋಸೆಫ್ ಲೆಡರರ್ ಎಂಬ ಚಿತ್ರಕಾರ ಅಲ್ಲಿನ ಗೋಡೆಗಳ ತುಂಬ ವೇಷ ಹಾಕಿದ ಜನರನ್ನು ಬಿಡಿಸಿ, ಮೂಲೆಯೊಂದರಲ್ಲಿ ಕಾಫಿ ಕುಡಿಯುತ್ತಿರುವ ತನ್ನನ್ನೂ ಸೇರಿಸಿಬಿಟ್ಟಿದ್ದಾನೆ.

ನನ್ನನ್ನು ಕೇಳಿದರೆ ಅಲ್ಲಿ ತಪ್ಪಿಸಬಾರದ ಒಂದೇ ವಸ್ತು ಕೋಟೆಯ ರಂಗಮಂದಿರ. 1765-66ರಲ್ಲಿ ಈಗಿನ ರೂಪ ಪಡೆದ ಆ ರಂಗಮಂದಿರದ ಪರದೆ, ಉಡುಪು, ದೀಪ, ಮರದ ಯಂತ್ರ ಎಲ್ಲವೂ ಉಳಿದಿವೆ. ಯುರೋಪಿನಲ್ಲಿ ಇಷ್ಟು ಇಡಿಯಾಗಿ ಉಳಿದ ಬರೋಕ್ (17-18ನೆಯ ಶತಮಾನಗಳ ಆಡಂಬರದ ಕಲಾಶೈಲಿಯ) ರಂಗಮಂದಿರಗಳು ಬೆರಳೆಣಿಕೆಯಷ್ಟು. ವೇದಿಕೆಯ ಕೆಳಗಿನ ನೆಲಮಾಳಿಗೆಯಲ್ಲಿ ಹಗ್ಗ ಸುತ್ತಿದ ಮರದ ಉರುಳೆಗಳಿದ್ದು, ಆಳುಗಳು ಅವನ್ನು ತಿರುಗಿಸಿದರೆ ಎರಡೂ ಬದಿಯ ಪಕ್ಕಪರದೆಗಳು ಒಟ್ಟಿಗೆ ಸರಿದು, ಪ್ರೇಕ್ಷಕನ ಕಣ್ಣೆದುರಿಗೇ ಕಾಡು ಅರಮನೆಯಾಗುತ್ತದೆ. ನಮ್ಮ ವೃತ್ತಿನಾಟಕ ಕಂಪನಿಗಳ 'ಟ್ರಾನ್ಸ್‌ಫರ್ ಸೀನು'ಗಳ ಬಗ್ಗೆ ಅಜ್ಜ ಹೇಳುತ್ತಿದ್ದುದು ನನಗೆ ಅಲ್ಲಿ ನೆನಪಾಯಿತು. ಚಳಿಗಾಲದಲ್ಲಿ ಅದನ್ನು ಮುಚ್ಚುತ್ತಾರೆ. ಮೇ ತಿಂಗಳಲ್ಲಿ ಮಾರ್ಗದರ್ಶಕರ ಜೊತೆ ಸಣ್ಣ ಗುಂಪುಗಳನ್ನು ಒಳಗೆ ಬಿಡುತ್ತಾರಾದ್ದರಿಂದ ಮುಂಚೆಯೇ ಟಿಕೆಟ್ ಕಾದಿರಿಸಿ.

ಗೋಪುರಕ್ಕೆ 162 ಮೆಟ್ಟಿಲು. ಅತ್ತೆಯವರಿಗೆ ಅದು ಬೇಡ. ಕಲ್ಲಿನ ಕಮಾನುಗಳ ಮೇಲೆ ಅಂತಸ್ತುಗಳಾಗಿ ನಿಂತಿರುವ ಪ್ಲಾಶ್ತೋವಿ ಸೇತುವೆಯ ಕಟ್ಟೆಗೆ ಒರಗಿ ನಿಂತರೂ ಇಡೀ ಪೇಟೆಯ ಕೆಂಪು ಮಾಡುಗಳು ಕಾಣುತ್ತವೆ. ಕೋಟೆಯ ಬಾಗಿಲ ಕೆಳಗಿನ ಕಂದಕದಲ್ಲಿ ಕರಡಿಗಳನ್ನು ಸಾಕುವ ರೂಢಿ ಶತಮಾನಗಳದ್ದು. ನನಗೇನೋ ಅದು ರುಚಿಸಲಿಲ್ಲ.

ಉತ್ತರ (ಮಡಗಾಂವ್)

ಡೊಂಬಿವಲಿಯವರು ಕಟ್ಟಿಸಿದವರ ಕಥೆಯನ್ನು ಚೆನ್ನಾಗಿ ಹೇಳಿದ್ದಾರೆ. 'ಈಗ ಯಾರಿದ್ದಾರೆ' ಎಂಬ ಪ್ರಶ್ನೆಯನ್ನು ಮಾತ್ರ ಬಿಟ್ಟುಬಿಟ್ಟಿದ್ದಾರೆ. ಆ ಊರಿನ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಸರಳವಾಗಿಲ್ಲ.

ಎರಡನೆಯ ಮಹಾಯುದ್ಧದ ಮೊದಲು ಅಲ್ಲಿ ಬಹುಪಾಲು ಜನ ಜರ್ಮನ್ ಭಾಷಿಕರಾಗಿದ್ದರು. 1938ರ ಮ್ಯೂನಿಕ್ ಒಪ್ಪಂದದಿಂದ ಊರು ಹಿಟ್ಲರನ ಜರ್ಮನಿಗೆ ಸೇರಿತು. 1945ರ ನಂತರ ಆ ಜರ್ಮನ್ ಭಾಷಿಕರನ್ನು ದೇಶದಿಂದ ಹೊರಹಾಕಲಾಯಿತು. ಶ್ವಾರ್ಜೆನ್‌ಬರ್ಗರ ಆಸ್ತಿ 1947ರಲ್ಲಿ ಸರ್ಕಾರದ ವಶವಾಯಿತು. ಖಾಲಿಯಾದ ಮನೆಗಳಿಗೆ ಬೇರೆ ಕಡೆಯ ಜನ ಬಂದರು, ಕಮ್ಯುನಿಸ್ಟ್ ಆಡಳಿತದಲ್ಲಿ ಎಷ್ಟೋ ಮನೆಗಳು ರಿಪೇರಿಯಿಲ್ಲದೆ ಸೊರಗಿದವು. ಹೊಸದಾಗಿ ಕಟ್ಟಲು ದುಡ್ಡಿಲ್ಲದ್ದರಿಂದಲೇ ಹಳೆಯದು ಉಳಿಯಿತು ಎಂದು ನನಗೆ ಅನಿಸುತ್ತದೆ. 1992ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಮನೆಗಳು ಮತ್ತೆ ಬಣ್ಣ ಕಂಡವು. ಆದರೆ ಈ ಸಲ ಒಳಗೆ ಬಂದವರು ಪ್ರವಾಸಿಗರು. ಹದಿಮೂರು ಸಾವಿರದಷ್ಟು ಜನರ ಊರು ಅದು, ಹಳೆಯ ಪೇಟೆಯಲ್ಲಿ ವಾಸಿಸುವವರು ಕಡಿಮೆ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವರು ಕಾತೆರ್ಜಿನಾ ಶೆದಾ ಎಂಬ ಜೆಕ್ ಕಲಾವಿದೆ. 2018ರಲ್ಲಿ ಅವರು ಪೇಟೆಯ ನಡುವೆ ಕೆಲವು ಕುಟುಂಬಗಳನ್ನು ತಂದಿರಿಸಿ, ಸಂಬಳ ಕೊಟ್ಟು, 'ಸಾಮಾನ್ಯ ಜೀವನ' ನಡೆಸುವ ಕೆಲಸ ಹಚ್ಚಿದರು. ಬದುಕುವುದಕ್ಕೇ ಸಂಬಳ! ಪಣಜಿಯ ಫಾಂಟೇನ್ಹಾಸ್‌ನಲ್ಲಿ ಮನೆ ಬಾಗಿಲಲ್ಲಿ ಕುಳಿತ ಅಜ್ಜಿಯನ್ನು ಪಕ್ಕಕ್ಕೆ ಸರಿಯಿರೆಂದು ಹೇಳಿ ಫೋಟೋ ತೆಗೆಯುವವರನ್ನು ದಿನವೂ ಕಾಣುವ ನನಗೆ ಆ ತಮಾಷೆಯ ಹಿಂದಿನ ಸಂಕಟ ಬೇಗನೆ ಅರ್ಥವಾಯಿತು.

ಚಿತ್ರಕಾರ ಎಗಾನ್ ಶೀಲೆಯ ತಾಯಿಯ ತವರೂ ಇದೇ. 1911ರಲ್ಲಿ ಅವನು ಬಂದು ನೆಲೆಸಿದಾಗ, ಮದುವೆಯಿಲ್ಲದೆ ಸಂಗಾತಿಯೊಂದಿಗೆ ಇದ್ದುದನ್ನೂ ಎಳೆಯ ಹುಡುಗಿಯರನ್ನು ರೂಪದರ್ಶಿಗಳಾಗಿ ಕೂರಿಸಿದ್ದನ್ನೂ ಸಹಿಸದ ಊರಿನವರು ಕೆಲವೇ ತಿಂಗಳಲ್ಲಿ ಓಡಿಸಿದರು. ಇಂದು ಅವನ ಹೆಸರಿನ ಕಲಾಕೇಂದ್ರ ಅಲ್ಲಿಯೇ ಇದೆ, ಅದಕ್ಕೆ ಟಿಕೆಟ್ ಕೂಡ ಇದೆ.

ಆದ್ದರಿಂದ ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆ ಹೊರಡಬೇಡಿ. ಹತ್ತೂವರೆಯಿಂದ ಐದರ ತನಕ ನೀವು ನೋಡುವುದು ನಿಮ್ಮಂಥ ಪ್ರವಾಸಿಗರನ್ನೇ. ಒಂದು ರಾತ್ರಿ ಉಳಿದು, ಮುಂಜಾನೆ ಆರಕ್ಕೆ ನದಿಯ ಒಡ್ಡಿನ ಬಳಿ ನಿಲ್ಲಿ. ಹಾಲಿನ ವ್ಯಾನು, ನೀರಿನ ಸದ್ದು, ಬೀಗ ತೆಗೆಯುವ ಬೇಕರಿಯವನು, ಇವಿಷ್ಟೇ ಇರುತ್ತವೆ.

ಉತ್ತರ (ಕೋಥರೂಡ್, ಪುಣೆ)

ಮೇಲಿನ ಇಬ್ಬರಿಗೂ ನನ್ನ ಸಹಮತವಿದೆ. ನದಿಯ ಇನ್ನೊಂದು ಮುಖವನ್ನು ಮಾತ್ರ ಸೇರಿಸುತ್ತೇನೆ. 1961ರ ಜುಲೈ 12ರಂದು ಪಾನ್ಶೆತ್ ಅಣೆಕಟ್ಟು ಒಡೆದು ಮುಠಾ ನದಿ ನಮ್ಮ ಪೇಟೆಗಳಿಗೆ ನುಗ್ಗಿದ ಕಥೆ ಕೇಳುತ್ತಲೇ ಬೆಳೆದವನು ನಾನು. ಹಾಗಾಗಿ ಕ್ರುಮ್ಲೋವಿನಲ್ಲಿ 2002ರ ಆಗಸ್ಟ್ ಪ್ರವಾಹದ ಮಾತು ಬಂದಾಗ ನೀರು ಎಲ್ಲಿಯವರೆಗೆ ಏರಿತ್ತೆಂದು ಗೋಡೆಗಳನ್ನೇ ನೋಡುತ್ತ ನಡೆದೆ.

ಅದೇ ಪ್ರವಾಹದಲ್ಲಿ ಮುಳುಗೆದ್ದ ಮತ್ತೊಂದು ಊರು ಪೀಸೆಕ್, ಒತಾವಾ ನದಿಯ ದಡದ್ದು. ಹೆಸರಿನ ಅರ್ಥ 'ಮರಳು'. ಒಂದು ಕಾಲದಲ್ಲಿ ಆ ಮರಳನ್ನು ಜಾಲಿಸಿ ಚಿನ್ನ ತೆಗೆಯುತ್ತಿದ್ದರು. ಅಲ್ಲಿನ ಕಲ್ಲಿನ ಸೇತುವೆ 13ನೆಯ ಶತಮಾನದ್ದು, ಅಂದರೆ 1357ರಲ್ಲಿ ತೊಡಗಿದ ಪ್ರಾಗಿನ ಚಾರ್ಲ್ಸ್ ಸೇತುವೆಗಿಂತ ಹಿರಿಯದು. 2002ರಲ್ಲಿ ಅದರ ಕೈಗಟ್ಟೆ ಕೊಚ್ಚಿಹೋಯಿತು, ಕಮಾನುಗಳು ಕದಲಲಿಲ್ಲ. 1887ರಲ್ಲಿಯೇ ಜೆಕ್ ಎಂಜಿನಿಯರ್ ಫ್ರಾಂಟಿಶೆಕ್ ಕ್ರಿಝಿಕ್ ಅಲ್ಲಿನ ಬೀದಿಗೆ ವಿದ್ಯುತ್ ದೀಪ ಹಚ್ಚಿದ್ದರು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿ ಬೆಳಗಿದ್ದು 1905ರಲ್ಲಿ ಎಂದು ಅತ್ತೆಯವರೇ ನೆನಪಿಸಿಯಾರು. ಪ್ರಾಗಿನಿಂದ ಕ್ರುಮ್ಲೋವ್‌ಗೆ ಹೋಗುವ ಕೆಲವು ಬಸ್ಸುಗಳು ಪೀಸೆಕ್ ಮೂಲಕವೇ ಸಾಗುತ್ತವೆ. ಪ್ರಾಗಿನಿಂದ ಕ್ರುಮ್ಲೋವ್‌ಗೆ ಸುಮಾರು ಮೂರು ಗಂಟೆಯ ದಾರಿ. ರೈಲಿನಲ್ಲಿ ಬಂದರೆ ನಿಲ್ದಾಣ ಗುಡ್ಡದ ಮೇಲೆ, ಪೇಟೆಯಿಂದ ದೂರ. ಮೊಣಕಾಲಿಗೆ ಬಸ್ಸೇ ಲೇಸು. ಬೀದಿಗಳೆಲ್ಲ ಗುಂಡುಕಲ್ಲಿನವು, ಚಪ್ಪಲಿ ಬೇಡ, ಬೂಟು ಹಾಕಿಸಿ.

ಊಟಕ್ಕೆ 'ಓವೊಟ್ಸ್ನೆ ಕ್ನೆಡ್ಲಿಕಿ' ಎಂದು ಕೇಳಿ. ಇಡೀ ಹಣ್ಣನ್ನು ಹಿಟ್ಟಿನ ಉಂಡೆಯೊಳಗಿಟ್ಟು ಬೇಯಿಸಿ, ಮೇಲೆ ಗಿಣ್ಣು ತುರಿದು ಕರಗಿಸಿದ ಬೆಣ್ಣೆ ಸುರಿಯುತ್ತಾರೆ. ಮೋದಕದ ದೂರದ ನೆಂಟನೆನ್ನಬಹುದು, ಅಲ್ಲಿ ಅದನ್ನೇ ಊಟವಾಗಿ ತಿನ್ನುತ್ತಾರೆ. ಆಲೂಗಡ್ಡೆ ಸೂಪಿನಲ್ಲಿ ಮಾಂಸದ ಅಂಶವಿದೆಯೇ ಎಂದು ಮೊದಲು ವಿಚಾರಿಸಿ. ಅಂಗಡಿಗಳಲ್ಲಿ ಮೊಲ್ಡವೈಟ್ ಎಂಬ ಹಸಿರು ಕಲ್ಲು ತೋರಿಸುತ್ತಾರೆ. ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಜರ್ಮನಿಯಲ್ಲಿ ಉಲ್ಕೆ ಬಡಿದಾಗ ಕರಗಿ ಚಿಮ್ಮಿದ ಗಾಜು ಅದು. ನಕಲಿಯೂ ಧಾರಾಳವಾಗಿ ಇದೆ, ಬಾಟಲಿಯ ಗಾಜಿಗೆ ದುಡ್ಡು ಸುರಿಯಬೇಡಿ.

ಕೇಳಿದವರ ಮಾರುತ್ತರ

ಎಲ್ಲರಿಗೂ ಧನ್ಯವಾದಗಳು. ಉತ್ತರಗಳನ್ನು ಅತ್ತೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಏಜೆಂಟರ ಬಸ್ ಪ್ರವಾಸವನ್ನು ರದ್ದು ಮಾಡಿಸಿ, ಪ್ರಾಗಿನ ಒಂದು ದಿನವನ್ನು ಕಡಿಮೆ ಮಾಡಿ, ಕ್ರುಮ್ಲೋವಿನಲ್ಲಿ ಒಂದು ರಾತ್ರಿಗೆ ಕೊಠಡಿ ಕಾದಿರಿಸಿದ್ದೇವೆ. ರಂಗಮಂದಿರದ ಟಿಕೆಟ್ಟೂ ಸಿಕ್ಕಿದೆ. ಗೋಪುರ ಬೇಡವೆಂದು ಅವರೇ ಒಪ್ಪಿದ್ದಾರೆ, ಆದರೆ ಕಾಫಿ ಕುಡಿಯುವ ಚಿತ್ರಕಾರನನ್ನು ನೋಡದೆ ಬರುವುದಿಲ್ಲವಂತೆ. ಇನ್ನೊಂದು ಸಂದೇಹ: ಪೀಸೆಕ್‌ನಲ್ಲಿ ಇಳಿದು ಎರಡು ಗಂಟೆ ಸುತ್ತಾಡಿ ಮುಂದಿನ ಬಸ್ ಹಿಡಿಯುವುದಾದರೆ, ನಮ್ಮ ದೊಡ್ಡ ಸೂಟ್‌ಕೇಸುಗಳನ್ನು ಎಲ್ಲಿ ಇಡಬಹುದು?

ಉತ್ತರ (ಕೋಥರೂಡ್, ಪುಣೆ)

ಸೂಟ್‌ಕೇಸುಗಳನ್ನು ಮ್ಲಾದಾ ಬೊಲೆಸ್ಲಾವ್‌ನ ಮನೆಯಲ್ಲೇ ಬಿಟ್ಟು, ಒಂದು ರಾತ್ರಿಗೆ ಬೇಕಾದ್ದನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು ಹೊರಡಿ. ಆ ಗುಂಡುಕಲ್ಲುಗಳ ಮೇಲೆ ಚಕ್ರದ ಪೆಟ್ಟಿಗೆ ಎಳೆದವರ ಪಾಡನ್ನು ನಾನು ನೋಡಿದ್ದೇನೆ, ಸ್ವತಃ ಎಳೆದೂ ಇದ್ದೇನೆ.